ಕುದ್ಮುಲ್ ಮನೆಯಿಂದ ವಿಲಾಯತಿಗೆ: ರಾಧಾಬಾಯಿ ಸುಬ್ಬರಾಯನ್

ಸೇಲಂನಲ್ಲಿ ಬಂಧುಗಳೊಬ್ಬರ ಮನೆಯ ಕಾರ್ಯ ಮುಗಿಸಿ ಧರ್ಮಪುರಿಯ ಕಡೆಗೆ ಹೊರಟಿದ್ದ ನಾವು ಬಸ್ ನಿಲ್ದಾಣದಲ್ಲಿ ಒಂದು ತಪ್ಪು ಮಾಡಿದೆವು. ನಮ್ಮ ತಮಿಳು ಓದು ಅಷ್ಟಕ್ಕಷ್ಟೆ. ಕಾರಿಮಂಗಲಂ ಎಂದು ಬರೆದಿದ್ದ ಹಲಗೆಯನ್ನು ಕುಮಾರಮಂಗಲಂ ಎಂದು ಓದಿ, ಇದು ನಮಗೆ ಬೇಕಾದ ಬಸ್ಸಲ್ಲವೆಂದು ಬಿಟ್ಟುಬಿಟ್ಟೆವು. ಮುಂದಿನ ಬಸ್ಸಿಗೆ ಒಂದು ಗಂಟೆ ಕಾಯಬೇಕಾಯಿತು. ಕುಮಾರಮಂಗಲ ಇರುವುದು ತಿರುಚೆಂಗೋಡಿನ ಬಳಿ; ಕಾರಿಮಂಗಲ ಧರ್ಮಪುರಿಯಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯಲ್ಲಿ. ಹಿಂದೆ ಎರಡೂ ಒಂದೇ ಸೇಲಂ ಜಿಲ್ಲೆಗೆ ಸೇರಿದ್ದವು ಎಂಬುದಷ್ಟೇ ನಮ್ಮ ತಪ್ಪಿಗೆ ಸಮಾಧಾನ. ಆದರೆ ಆ ತಪ್ಪಿನಿಂದಲೇ ಈ ಬರೆಹ ಹುಟ್ಟಿತೆಂದು ಹೇಳಬೇಕು.

ಕಾರಿಮಂಗಲದಲ್ಲಿ ನಾವು ಹೋದದ್ದು ಮನೆಮಾತು ಕನ್ನಡವಾದ ಒಂದು ಕುಟುಂಬಕ್ಕೆ. ಆ ಸುತ್ತಿನಲ್ಲಿ ಇಂತಹ ಮನೆಗಳು ಬೇಕಾದಷ್ಟಿವೆ. ಶಾಲೆಯಲ್ಲಿ ತಮಿಳು, ಪೇಟೆಯಲ್ಲಿ ತಮಿಳು, ಒಲೆಯ ಮುಂದೆ ಕನ್ನಡ. ಅವರ ಕನ್ನಡದಲ್ಲಿ ನಮಗೆ ತಮಿಳಿನ ರಾಗ ಕೇಳಿಸಿದರೆ, ನಮ್ಮದರಲ್ಲಿ ಅವರಿಗೆ ಮಲೆಯಾಳದ ರಾಗ ಕೇಳಿಸಿತಂತೆ, ಇಬ್ಬರೂ ನಕ್ಕೆವು. ಮನೆಯ ಮೊಮ್ಮಗಳಿಗೆ ಲಂಡನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಸೀಟು ಸಿಕ್ಕಿತ್ತು. ಸೆಪ್ಟೆಂಬರಿನಲ್ಲಿ ಹೊರಡಬೇಕು. ಮೇಜಿನ ಮೇಲೆ ಕಾಗದಗಳ ರಾಶಿ: ಪಾಸ್‌ಪೋರ್ಟು, ಇಂಗ್ಲಿಷ್ ಪರೀಕ್ಷೆಯ ಅಂಕಪಟ್ಟಿ, ಕ್ಷಯರೋಗವಿಲ್ಲವೆಂಬ ವೈದ್ಯರ ಪತ್ರ, ಖಾತೆಯಲ್ಲಿ 28 ದಿನ ಹಣ ಕದಲದೆ ಇತ್ತೆಂಬ ಬ್ಯಾಂಕಿನ ಪತ್ರ. ಸಾಲಕ್ಕೆ ಮಾವಿನ ತೋಪನ್ನು ಆಧಾರ ಕೊಡಬೇಕು. ತಂದೆ ಒಪ್ಪಿದ್ದಾರೆ, ತಾತನವರು ಇನ್ನೂ ಸಹಿ ಹಾಕಿಲ್ಲ. ಈ ನಡುವೆ ಅಜ್ಜಿಯವರು ನಮ್ಮನ್ನು ಕೇಳಿದ್ದು ಒಂದೇ ಮಾತು. ನಮ್ಮ ಪೈಕಿ ಹೆಣ್ಣುಮಕ್ಕಳು ಹಿಂದೆ ಯಾರಾದರೂ ಹೀಗೆ ಕಡಲು ದಾಟಿ ಓದಲು ಹೋದದ್ದುಂಟೆ ಎಂದು.

ಉಂಟು. ಹಾಗೆ ಹೋದವರಲ್ಲಿ ಒಬ್ಬರು ನಾವು ಬಸ್ಸಿನ ಹಲಗೆಯಲ್ಲಿ ತಪ್ಪಾಗಿ ಓದಿದ ಆ ಕುಮಾರಮಂಗಲದ ಮನೆಯ ಸೊಸೆ. ತವರಿನ ಕಡೆಯಿಂದ ನಮ್ಮ ಕಾಸರಗೋಡಿನ ನೆಲಕ್ಕೆ ಸೇರಿದವರು. ಶ್ರೀಮತಿ ರಾಧಾಬಾಯಿ ಸುಬ್ಬರಾಯನ್ ಅವರ ಹೆಸರನ್ನು ನಮ್ಮ ವಾಚಕರಲ್ಲಿ ಹಿರಿಯರು ಕೇಳಿರಬಹುದು. ಅವರ ತಂದೆಯ ಹೆಸರನ್ನು ಕೇಳದವರು ಇರಲಾರರು.

ಕುದ್ಮುಲ್ ರಂಗರಾಯರು ಹುಟ್ಟಿದ್ದು 1859ರಲ್ಲಿ, ಕಾಸರಗೋಡಿನಲ್ಲಿ, ಸಾರಸ್ವತ ಮನೆತನದಲ್ಲಿ. ಎಳೆಯ ಪ್ರಾಯದಲ್ಲೇ ತಂದೆ ತೀರಿಕೊಂಡರು. ಮಂಗಳೂರಿಗೆ ಹೋಗಿ, ತಿಂಗಳಿಗೆ ಎಂಟು ರೂಪಾಯಿಯ ಮಾಸ್ತರಿಕೆ ಮಾಡುತ್ತಾ ಓದಿ, ವಕೀಲರಾದರು. ಕೈಗೆ ನಾಲ್ಕು ಕಾಸು ಬರುವ ಹೊತ್ತಿಗೆ ಅವರು ಮಾಡಿದ ಕೆಲಸವೆಂದರೆ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ ಶಾಲೆ ತೆರೆದದ್ದು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನೇ ಕಟ್ಟಿದರು. ಮಕ್ಕಳಿಗೆ ಅಕ್ಷರ, ಮಧ್ಯಾಹ್ನಕ್ಕೆ ಊಟ, ದೊಡ್ಡವರಿಗೆ ಕೈಕಸುಬು. ಜಾತಿಯವರು ಬಹಿಷ್ಕಾರ ಹಾಕಿದರು. ಆ ಕಾಲದ ಬಹಿಷ್ಕಾರವೆಂದರೆ ಪತ್ರಿಕೆಯಲ್ಲಿ ಒಂದು ಹೇಳಿಕೆ ಕೊಟ್ಟು ಮುಗಿಸುವಂಥದ್ದಲ್ಲ. ಮದುವೆ ಮುಂಜಿಗೆ ಕರೆಯಿಲ್ಲ, ಪಂಕ್ತಿಯಲ್ಲಿ ಎಲೆಯಿಲ್ಲ, ಹೆಣ್ಣು ತರುವವರಿಲ್ಲ, ಕೊಡುವವರಿಲ್ಲ. ಸತ್ತರೆ ಹೆಗಲು ಕೊಡಲು ಜನರಿಲ್ಲ.

ರಾಧಾಬಾಯಿಯವರು ಹುಟ್ಟಿದ್ದು ಇಂತಹ ಮನೆಯಲ್ಲಿ, 1891ರ ಏಪ್ರಿಲ್ 22ರಂದು, ಮಂಗಳೂರಿನಲ್ಲಿ. ಅವರಿಗೆ ಆರು ವರ್ಷವಾಗಿದ್ದಾಗ ತಂದೆಯ ಮಿಷನ್ ಸ್ಥಾಪನೆಯಾಯಿತು. ಅಂದಮೇಲೆ ಅವರು ಅಕ್ಷರ ಕಲಿತ ವರ್ಷಗಳೂ, ತಂದೆ ಊರವರ ಮಕ್ಕಳಿಗೆ ಅಕ್ಷರ ಕಲಿಸಲು ಹೊರಟು ಊರಿನ ಕೋಪವನ್ನು ಹೊತ್ತುಕೊಂಡ ವರ್ಷಗಳೂ ಒಂದೇ.

ಆಗ ಕಡಲು ದಾಟುವುದೆಂದರೆ ಏನು ಎಂಬುದನ್ನು ಈಗಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗುತ್ತದೆ. ಸಮುದ್ರೋಲ್ಲಂಘನವೆಂಬುದು ಮೇಲ್ಜಾತಿಯವರಲ್ಲಿ ದೋಷವೆನಿಸಿತ್ತು. ಗಾಂಧೀಜಿಯವರು 1888ರ ಸೆಪ್ಟೆಂಬರಿನಲ್ಲಿ ಬೊಂಬಾಯಿಯಿಂದ ಲಂಡನ್ನಿಗೆ ಹಡಗು ಹತ್ತುವ ಮುನ್ನವೇ ಅವರ ಜಾತಿಯವರು ಸಭೆ ಸೇರಿ ಹೊರಗೆ ಹಾಕಿದ್ದು ಎಲ್ಲರಿಗೂ ತಿಳಿದದ್ದೇ. ನಮ್ಮ ಕರಾವಳಿಯ ಸಾರಸ್ವತರಲ್ಲೂ ವಿಲಾಯತಿಗೆ ಹೋಗಿ ಬಂದವರನ್ನು ಸೇರಿಸಿಕೊಳ್ಳಬೇಕೆ ಬೇಡವೆ, ಪ್ರಾಯಶ್ಚಿತ್ತ ಏನು ಎಂಬ ಜಗಳ ಬಹಳ ಕಾಲ ನಡೆಯಿತು. ಮಗನನ್ನು ಬ್ಯಾರಿಸ್ಟರಿಗೆ ಕಳಿಸಲು ಹಣವಿದ್ದವರೂ ಮನೆಯ ಉಳಿದ ಹೆಣ್ಣುಮಕ್ಕಳ ಮದುವೆಗೆ ಹೆದರಿ ಹಿಂದೆಗೆಯುತ್ತಿದ್ದರು. ಗಂಡುಮಕ್ಕಳ ಪಾಡೇ ಇದು.

ರಂಗರಾಯರ ಮಟ್ಟಿಗೆ ಮಾತ್ರ ಆ ಹೆದರಿಕೆ ಹಳತಾಗಿಬಿಟ್ಟಿತ್ತು. ಜಾತಿ ಕೊಡಬಹುದಾದ ಶಿಕ್ಷೆಯನ್ನೆಲ್ಲಾ ಅವರು ಮೊದಲೇ ಉಂಡಿದ್ದರು. ಮಗಳು ಕಡಲು ದಾಟಿದಳೆಂದು ಹೊಸದಾಗಿ ಕಸಿದುಕೊಳ್ಳಲು ಉಳಿದದ್ದಾದರೂ ಏನು? ರಾಧಾಬಾಯಿಯವರ ಪ್ರಯಾಣದ ನಿಜವಾದ ತಯಾರಿ ನಡೆದದ್ದು ಮಂಗಳೂರಿನ ಆ ಶಾಲೆಗಳ ಜಗಲಿಯಲ್ಲಿ ಎಂದೇ ನಾವು ತಿಳಿಯುತ್ತೇವೆ. ಮಗಳ ಟ್ರಂಕಿಗೆ ಬಟ್ಟೆ ತುಂಬುವುದಕ್ಕೆ ಎಷ್ಟೋ ಮೊದಲು ತಂದೆ ಅದರ ಬೆಲೆ ತೆತ್ತಿದ್ದರು. ಅದೂ ಬೇರೆಯವರ ಮಕ್ಕಳಿಗಾಗಿ.

ಮೊದಲ ಹಾರಿಕೆ ಲಂಡನ್ನಿಗಲ್ಲ, ಮದರಾಸಿಗೆ. ಆಗ ಮಂಗಳೂರು, ಕಾಸರಗೋಡು, ಸೇಲಂ ಎಲ್ಲವೂ ಮದರಾಸು ಪ್ರಾಂತಕ್ಕೆ ಸೇರಿದ್ದವು. ಮಂಗಳೂರಿನಲ್ಲಿ ಹೆಣ್ಣುಮಕ್ಕಳ ಕಾಲೇಜು, ಅದೇ ಸಂತ ಆಗ್ನೆಸ್, ತೆರೆದದ್ದು 1921ರಲ್ಲಿ. ಮದರಾಸಿನಲ್ಲಿ ಕ್ವೀನ್ ಮೇರೀಸ್ ಕಾಲೇಜು ಆರಂಭವಾದದ್ದು 1914ರಲ್ಲಿ. ಅದಕ್ಕೆ ಮೊದಲು ಪದವಿಗೆ ಓದಬೇಕೆಂಬ ಹುಡುಗಿ ಗಂಡುಹುಡುಗರ ನಡುವೆ ಕೂರಬೇಕಿತ್ತು. ರಾಧಾಬಾಯಿಯವರು ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿ ಪದವಿ ಪಡೆದರು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೆ ಹಿಂದೆ ನಮ್ಮ ಕಡೆಯವರು ಮದರಾಸಿಗೆ ಹೋಗಬೇಕಾದರೆ ಹಡಗಿನಲ್ಲಿ ತೆಂಕಣ ಬಂದರಿಗೆ ಇಳಿದು, ಅಲ್ಲಿಂದ ರೈಲು ಹಿಡಿಯಬೇಕಿತ್ತು. ರೈಲು ಬಂದ ಮೇಲೆ ಕಾಸರಗೋಡು, ಪಾಲಕ್ಕಾಡು, ಈರೋಡು, ಸೇಲಂ, ಮೊರಪ್ಪೂರು, ಜೋಲಾರಪೇಟೆ ಎಂದು ದಾರಿ ಒಂದೇ ಗೆರೆಯಾಯಿತು. ಮೊರಪ್ಪೂರಿನಿಂದ ಧರ್ಮಪುರಿಗೆ ಒಂದು ಪುಟ್ಟ ರೈಲುದಾರಿಯೂ 1906ರಿಂದ ಇತ್ತು; 1913ರಲ್ಲಿ ಅದು ಹೊಸೂರಿನ ತನಕ ಬೆಳೆಯಿತು. ಕಾರಿಮಂಗಲದ ತಾತನವರ ಹಿರಿಯರು ಹತ್ತುತ್ತಿದ್ದದ್ದು ಅದೇ ರೈಲಂತೆ. ಅದು ಎರಡನೆಯ ಮಹಾಯುದ್ಧದ ಕಾಲದಲ್ಲಿ ನಿಂತುಹೋಯಿತು.

1912ರಲ್ಲಿ ರಾಧಾಬಾಯಿಯವರ ಮದುವೆ ಡಾಕ್ಟರ್ ಪಿ. ಸುಬ್ಬರಾಯನ್ ಅವರೊಡನೆ ಆಯಿತು. ಸುಬ್ಬರಾಯನ್ ಕುಮಾರಮಂಗಲದ ಜಮೀನ್ದಾರರು, ಕೊಂಗು ವೇಳಾಳ ಗೌಂಡರ್ ಮನೆತನ, ಮಾತು ತಮಿಳು. ಹುಡುಗಿ ಮಂಗಳೂರಿನ ಸಾರಸ್ವತ ಬ್ರಾಹ್ಮಣರವಳು, ಮನೆಮಾತು ಕೊಂಕಣಿ, ಊರಿನ ಓದುಬರಹದ ಮಾತು ಕನ್ನಡ. ಜಾತಿ ಬೇರೆ, ಭಾಷೆ ಬೇರೆ, ಊಟ ಬೇರೆ. ನೂರು ವರ್ಷ ಕಳೆದ ಮೇಲೂ ಇಂಥ ಮದುವೆಗೆ ಮನೆಗಳಲ್ಲಿ ಎಷ್ಟು ಕಣ್ಣೀರು ಹರಿಯುತ್ತದೆಂದು ವಾಚಕರಿಗೆ ನಾವು ಹೇಳಬೇಕಾಗಿಲ್ಲ. ರಂಗರಾಯರು ಇದನ್ನೂ ನಡೆಸಿಕೊಟ್ಟರು. ಜಾತಿ ಸಲ್ಲದೆಂದು ಊರಿಗೆ ಹೇಳಿ, ಮಗಳ ಮದುವೆ ಬಂದಾಗ ಜಾತಕ ಹಿಡಿದು ಹೊರಡುವ ಸುಧಾರಕರನ್ನು ನಾವು ಎಷ್ಟೋ ಮಂದಿ ಕಂಡಿದ್ದೇವೆ. ಅವರು ಆ ಸಾಲಿನವರಲ್ಲ.

ರಾಧಾಬಾಯಿಯವರು ಉನ್ನತ ವ್ಯಾಸಂಗಕ್ಕೆ ಸೇರಿದ್ದು ಆಕ್ಸ್‌ಫರ್ಡಿನ ಸಾಮರ್ವಿಲ್ ಕಾಲೇಜು. ಸುಬ್ಬರಾಯನ್ ಅವರು ಓದಿದ್ದೂ ಆಕ್ಸ್‌ಫರ್ಡಿನಲ್ಲೇ, ವಾಡಂ ಕಾಲೇಜಿನಲ್ಲಿ. ಸಾಮರ್ವಿಲ್ 1879ರಲ್ಲಿ ಹೆಣ್ಣುಮಕ್ಕಳಿಗೆಂದೇ ತೆರೆದ ಕಾಲೇಜು. 1889ರಲ್ಲಿ ಅಲ್ಲಿಗೆ ಹೋದ ಕಾರ್ನೇಲಿಯಾ ಸೊರಾಬ್ಜಿಯವರು ಆಕ್ಸ್‌ಫರ್ಡಿನಲ್ಲಿ ಓದಿದ ಮೊದಲ ಭಾರತೀಯ ಮಹಿಳೆ. ಪರೀಕ್ಷೆಯಲ್ಲಿ ಮೇಲುಗೈಯಾಗಿದ್ದರೂ ಹೆಂಗಸೆಂಬ ಕಾರಣಕ್ಕೆ ಅವರಿಗೆ ಸರಕಾರಿ ವಿದ್ಯಾರ್ಥಿವೇತನ ದೊರೆಯಲಿಲ್ಲ. ಇಂಗ್ಲೆಂಡಿನ ಸ್ನೇಹಿತರು ಚಂದಾ ಎತ್ತಿ ಕರೆಸಿಕೊಂಡರು. ಓದಿದ ಮೇಲಾದರೂ ಪದವಿ ಸಿಕ್ಕಿತೆ? ಇಲ್ಲ. ಆಕ್ಸ್‌ಫರ್ಡ್ ಹೆಂಗಸರಿಗೆ ಪಾಠ ಹೇಳುತ್ತಿತ್ತು, ಪರೀಕ್ಷೆಗೆ ಕೂರಿಸುತ್ತಿತ್ತು, ಆದರೆ 1920ರ ತನಕ ಪದವಿಯನ್ನು ಮಾತ್ರ ಕೊಡುತ್ತಿರಲಿಲ್ಲ. ನಮ್ಮ ಊರಿನ ಆಚಾರವನ್ನು ಜರೆಯುವಾಗ ಇದನ್ನೂ ನೆನಪಿಡುವುದು ಒಳ್ಳೆಯದು. ಮಡಿ ಅಲ್ಲಿಯೂ ಇತ್ತು.

ಅಂದಿನ ಪ್ರಯಾಣದ ಸಿದ್ಧತೆಯೇ ಒಂದು ಬಗೆ. ಬೊಂಬಾಯಿಗೆ ಹೋಗಿ ಪಿ. ಅಂಡ್ ಓ. ಕಂಪನಿಯ ಹಡಗು ಹತ್ತಬೇಕು. ಏಡನ್, ಸುಯೆಜ್, ಮಾರ್ಸೇಲ್ಸ್ ದಾಟಿ ಮೂರು ವಾರದ ಹಾದಿ. ಸಸ್ಯಾಹಾರಿಗೆ ಹಡಗಿನಲ್ಲಿ ರೊಟ್ಟಿ, ಬೇಯಿಸಿದ ಬಟಾಟೆ. ಚಳಿಗೆ ಉಣ್ಣೆಯ ಬಟ್ಟೆ ಹೊಲಿಸಬೇಕು. ನಮ್ಮ ಕಡಲ ತೀರದ ದರ್ಜಿಗಳಿಗೆ ಉಣ್ಣೆಯ ಪರಿಚಯವೇ ಇಲ್ಲ. ಒಂದು ಸೌಕರ್ಯವೆಂದರೆ, 1914ರ ಮಹಾಯುದ್ಧಕ್ಕೆ ಮೊದಲು ಪಾಸ್‌ಪೋರ್ಟು ಕಡ್ಡಾಯವಾಗಿರಲಿಲ್ಲ. ಆದರೆ ಅನುಮಾನ ಇತ್ತು. 1909ರ ಜುಲೈ 1ರಂದು ಮದನಲಾಲ್ ಧಿಂಗ್ರಾ ಲಂಡನ್ನಿನಲ್ಲಿ ಕರ್ಜನ್ ವೈಲಿಯನ್ನು ಗುಂಡಿಕ್ಕಿ ಕೊಂದ ಮೇಲೆ ಭಾರತದ ವಿದ್ಯಾರ್ಥಿಯೆಂದರೆ ಪೋಲೀಸರ ಕಣ್ಣು. ಭಾರತೀಯ ವಿದ್ಯಾರ್ಥಿಗಳಿಗೆ ಸಲಹೆ ಕೊಡಲೆಂದು ಕ್ರಾಮ್‌ವೆಲ್ ರಸ್ತೆಯ 21ನೆಯ ನಂಬರಿನ ಮನೆಯಲ್ಲಿ ಸರಕಾರ ಒಂದು ಕಚೇರಿ ನಡೆಸುತ್ತಿತ್ತು. ಸಲಹೆಯ ಜೊತೆಗೆ ಕಾವಲನ್ನೂ ಅದು ನಡೆಸುತ್ತದೆಂದು ಹುಡುಗರಿಗೆ ಗುಮಾನಿ.

ಯುದ್ಧ ಬಂದ ಮೇಲಂತೂ ಕಡಲಿನ ಹೆದರಿಕೆ ಶಾಸ್ತ್ರದ ಮಾತಾಗಿ ಉಳಿಯಲಿಲ್ಲ. ಲಂಡನ್ನಿನಿಂದ ಬೊಂಬಾಯಿಗೆ ಬರುತ್ತಿದ್ದ ಪರ್ಷಿಯಾ ಎಂಬ ಹಡಗನ್ನು 1915ರ ಡಿಸೆಂಬರ್ 30ರಂದು ಜರ್ಮನರ ಜಲಾಂತರ್ಗಾಮಿ ಕ್ರೀಟ್ ದ್ವೀಪದ ಬಳಿ ಮುಳುಗಿಸಿತು. ಮುನ್ನೂರಕ್ಕಿಂತ ಹೆಚ್ಚು ಜನ ಸತ್ತರು. ಸಾಮರ್ವಿಲ್ ಕಾಲೇಜಿನ ಕಟ್ಟಡವೇ 1915ರಲ್ಲಿ ಗಾಯಗೊಂಡ ಸೈನಿಕರ ಆಸ್ಪತ್ರೆಯಾಗಿ, ವಿದ್ಯಾರ್ಥಿನಿಯರನ್ನು ಓರಿಯಲ್ ಎಂಬ ಗಂಡುಮಕ್ಕಳ ಕಾಲೇಜಿನ ಒಂದು ಭಾಗಕ್ಕೆ ಸಾಗಿಸಿದರು. ಲಂಡನ್ನಿನ ಮೇಲೆ ಜೆಪ್ಪೆಲಿನ್ ವಿಮಾನಗಳು ಬಾಂಬು ಹಾಕುತ್ತಿದ್ದ ಆ ದಿನಗಳಲ್ಲೇ, 1916ರ ನವೆಂಬರ್ 1ರಂದು, ರಾಧಾಬಾಯಿಯವರ ಮಗ ಮೋಹನ ಆ ನಗರದಲ್ಲಿ ಹುಟ್ಟಿದ. ಹಿರಿಯ ಮಗ ಪರಮಶಿವನಿಗೆ ಆಗ ಮೂರು ವರ್ಷ. ಎಳೆಗೂಸು, ಯುದ್ಧ, ಪರದೇಶ! ಬಾಣಂತಿಗೆ ಬಿಸಿನೀರು ಕಾಯಿಸಿ ಎರೆಯಲು ತಾಯಿಮನೆ ಸಾವಿರಾರು ಮೈಲಿ ದೂರ. ಕಾರಿಮಂಗಲದ ಅಜ್ಜಿಯವರು ಈ ಭಾಗವನ್ನು ಕೇಳುವಾಗ ಸೆರಗಿನಿಂದ ಕಣ್ಣೊರೆಸಿಕೊಂಡರು.

ಓದಿ ಬಂದು ಅವರು ಏನು ಮಾಡಿದರು? ಮದರಾಸು ವಿಶ್ವವಿದ್ಯಾಲಯದ ಸೆನೆಟ್ಟಿನಲ್ಲಿ ಕೆಲಸ ಮಾಡಿದರು. ಅಖಿಲ ಭಾರತ ಮಹಿಳಾ ಸಮ್ಮೇಳನದಲ್ಲಿ ದುಡಿದರು. ಪತಿ ಸುಬ್ಬರಾಯನ್ 1926ರ ಡಿಸೆಂಬರಿನಿಂದ 1930ರ ಅಕ್ಟೋಬರ್ ತನಕ ಮದರಾಸಿನ ಮುಖ್ಯಮಂತ್ರಿಗಳು. ಅವರು ಅಧಿಕಾರ ಬಿಟ್ಟ ಮರುತಿಂಗಳು, 1930ರ ನವೆಂಬರಿನಲ್ಲಿ, ಲಂಡನ್ನಿನಲ್ಲಿ ಮೊದಲ ದುಂಡುಮೇಜಿನ ಪರಿಷತ್ತು ಸೇರಿತು. ಭಾರತದ ಹೆಂಗಸರ ಪರವಾಗಿ ಅಲ್ಲಿ ಕುಳಿತವರು ಇಬ್ಬರೇ: ಪಂಜಾಬಿನ ಬೇಗಂ ಷಾ ನವಾಜ್ ಮತ್ತು ನಮ್ಮ ರಾಧಾಬಾಯಿಯವರು. ಆಗ ಅವರಿಗೆ 39 ವರ್ಷ.

ಅಲ್ಲಿ ಅವರು ಕೇಳಿದ ಬೇಡಿಕೆ ನಮ್ಮಂಥವರ ಕಿವಿಗೆ ಬಹಳ ಪರಿಚಿತ. ಶಾಸನಸಭೆಗಳಲ್ಲಿ ಮೊದಮೊದಲ ಕೆಲವು ಕಾಲ ನೂರಕ್ಕೆ ಐದು ಸ್ಥಾನ ಹೆಂಗಸರಿಗೆ ಮೀಸಲಾಗಿರಲಿ ಎಂಬುದು. ತೆರೆದ ಸ್ಪರ್ಧೆಯಲ್ಲಿ ಗಂಡಸರು ತಾವಾಗಿ ಜಾಗ ಬಿಡುವುದಿಲ್ಲ ಎಂಬುದನ್ನು ಅವರು ಕಂಡಿದ್ದರು. ದೇಶದ ಮಹಿಳಾ ಸಂಘಗಳಲ್ಲಿ ಮುಖ್ಯವಾದವು ಇದನ್ನು ಒಪ್ಪಲಿಲ್ಲ. ಕಾಂಗ್ರೆಸ್ಸು ಬಹಿಷ್ಕರಿಸಿದ ಪರಿಷತ್ತಿಗೆ ಹೋದದ್ದೇ ತಪ್ಪು, ಮೀಸಲಾತಿ ಕೇಳಿದ್ದು ಇನ್ನೊಂದು ತಪ್ಪು ಎಂದು ಅವರ ಟೀಕೆ. ಹೀಗೆ ಮಗಳಿಗೂ ತಂದೆಯಂತೆ ತನ್ನವರ ಸಿಟ್ಟು ಪ್ರಾಪ್ತವಾಯಿತು. ಸ್ವಾತಂತ್ರ್ಯದ ಹೋರಾಟ ಕಾವೇರಿದ್ದ ಕಾಲದಲ್ಲಿ ಸರಕಾರ ಆರಿಸಿದ ಪ್ರತಿನಿಧಿಯಾಗಿ ಹೋದದ್ದನ್ನು ಒಪ್ಪದವರಿಗೂ ಕಾರಣವಿತ್ತು ಎಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ಅವರು ಕೇಳಿದ್ದನ್ನು ಹಗುರವಾಗಿ ತಳ್ಳುವುದು ಅಲ್ಪಸಂಖ್ಯಾತರಾಗಿ ಬಾಳಿದವರಿಗೆ ಆಗದ ಮಾತು. 1956ರ ನವೆಂಬರ್ 1ರಿಂದ ಈ ಕಾಸರಗೋಡಿನಲ್ಲಿ ಕನ್ನಡ ಶಾಲೆಗೆ ಕನ್ನಡ ಬಲ್ಲ ಮಾಸ್ತರರನ್ನು ಕೊಡಿ, ಕಚೇರಿಯ ಅರ್ಜಿ ಕನ್ನಡದಲ್ಲೂ ಇರಲಿ ಎಂದು ಕೇಳುತ್ತಾ ಬಂದ ನಮಗೆ, ಎಲ್ಲರಿಗೂ ಒಂದೇ ನಿಯಮವಲ್ಲವೆ ಎಂಬ ಸಮಾನತೆಯ ಮಾತು ಎಷ್ಟು ಸಲ ಉತ್ತರವಾಗಿ ಬಂದಿದೆಯೆಂದು ಲೆಕ್ಕವಿಟ್ಟವರಿಲ್ಲ.

ನೂರಕ್ಕೆ ಐದು ಅವರಿಗೆ ಅಂದು ಸಿಗಲಿಲ್ಲ. ಯಾರು ಯಾರಿಗೆ ಮತ ಎಂಬುದನ್ನು ನಿರ್ಧರಿಸಲು 1932ರಲ್ಲಿ ಬಂದ ಲೋಥಿಯನ್ ಸಮಿತಿಯಲ್ಲಿ ಸದಸ್ಯೆಯಾಗಿ ಊರೂರು ತಿರುಗಿದರು. 1935ರ ಕಾನೂನಿನಲ್ಲಿ ಹೆಂಗಸರಿಗೆ ಕೆಲವು ಸ್ಥಾನಗಳೇನೋ ಬಂದವು. 1938ರಲ್ಲಿ ರಾಧಾಬಾಯಿಯವರು ದಿಲ್ಲಿಯ ಕೌನ್ಸಿಲ್ ಆಫ್ ಸ್ಟೇಟಿಗೆ ಆರಿಸಿ ಬಂದು ಅದರ ಮೊದಲ ಮಹಿಳಾ ಸದಸ್ಯೆಯಾದರು.

ತಂದೆ ಇದಾವುದನ್ನೂ ನೋಡಲಿಲ್ಲ. ರಂಗರಾಯರು ಕೊನೆಗಾಲದಲ್ಲಿ ಸಂನ್ಯಾಸ ಪಡೆದು 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಶವವನ್ನು ತಾವು ಸೇವೆ ಮಾಡಿದ ದಲಿತರೇ ಹೊತ್ತು ಸಂಸ್ಕಾರ ಮಾಡಬೇಕೆಂಬುದು ಅವರ ಇಚ್ಛೆಯಾಗಿತ್ತು, ಹಾಗೆಯೇ ನಡೆಯಿತು. ತಮ್ಮ ಶಾಲೆಯ ಮಗುವೊಂದು ಓದಿ ದೊಡ್ಡ ಹುದ್ದೆಗೇರಿ, ತಾನು ಕುಳಿತ ಮೋಟಾರಿನಲ್ಲಿ ಹಾದುಹೋಗುವಾಗ ಏಳುವ ಧೂಳು ತಮ್ಮ ತಲೆಗೆ ತಾಗಲಿ ಎಂದು ಅವರು ಆಸೆಪಟ್ಟಿದ್ದನ್ನು ಮಂಗಳೂರಿನವರು ನೆನೆಸುತ್ತಾರೆ. ಅಲ್ಲಿನ ಪುರಭವನಕ್ಕೆ ಅವರ ಹೆಸರಿದೆ. ಅವರು ಹುಟ್ಟಿದ ನಮ್ಮೂರಿನಲ್ಲಿ ಅವರ ಹೆಸರು ಕೇಳಿಬರುವುದು ತೀರ ಕಡಿಮೆ. ಇದಕ್ಕೆ ನಾವು ಯಾರನ್ನೂ ದೂರುವಂತಿಲ್ಲ, ನಾವೇ ಇದ್ದೇವಲ್ಲ.

ರಾಧಾಬಾಯಿಯವರ ಮಕ್ಕಳಿಗೆ ವಿಲಾಯತಿಯ ಓದು ಮನೆಯ ವಾಡಿಕೆಯಂತಾಯಿತು. ಪರಮಶಿವ ಈಟನ್ ಶಾಲೆಯಲ್ಲಿ ಓದಿ ಸೈನ್ಯಕ್ಕೆ ಸೇರಿ, ಜನರಲ್ ಕುಮಾರಮಂಗಲಂ ಎಂಬ ಹೆಸರಿನಲ್ಲಿ 1966ರಿಂದ 1969ರ ತನಕ ಭೂಸೇನೆಯ ಮುಖ್ಯಸ್ಥರಾಗಿದ್ದರು. ಮೋಹನ್ ಈಟನ್ ಮತ್ತು ಕೇಂಬ್ರಿಜ್ ಮುಗಿಸಿ ಬಂದದ್ದು ಕಮ್ಯುನಿಸ್ಟರಾಗಿ. ಮುಂದೆ ಕಾಂಗ್ರೆಸ್ಸು ಸೇರಿ ಇಂದಿರಾ ಗಾಂಧಿಯವರ ಸಂಪುಟದಲ್ಲಿ ಉಕ್ಕಿನ ಮಂತ್ರಿಯಾಗಿ, 1973ರ ಮೇ 31ರಂದು ದಿಲ್ಲಿಯ ವಿಮಾನ ಅಪಘಾತದಲ್ಲಿ ಮಡಿದರು. ಮಗಳು ಪಾರ್ವತಿ ಆಕ್ಸ್‌ಫರ್ಡಿನಲ್ಲಿ ಓದಿ, ಕಮ್ಯುನಿಸ್ಟ್ ಪಕ್ಷದಿಂದ ಕೊಯಮತ್ತೂರಿನ ಲೋಕಸಭಾ ಸದಸ್ಯೆಯಾದರು. ಇನ್ನೊಬ್ಬ ಮಗ ಗೋಪಾಲ್. ಜಮೀನ್ದಾರರ ಮನೆಯಿಂದ ಒಬ್ಬ ಸೇನಾಪತಿ, ಇಬ್ಬರು ಕೆಂಬಾವುಟದವರು! ಓದಲು ಕಳಿಸಿದ ಮಕ್ಕಳು ನಾವು ಎಣಿಸಿದಂತೆಯೇ ಮರಳಿ ಬರುವುದಿಲ್ಲ ಎಂಬುದನ್ನು ಕಾರಿಮಂಗಲದ ಆ ತಂದೆಗೆ ಮುಚ್ಚಿಡದೆ ಹೇಳಿದೆವು. ಅವರು ನಕ್ಕು ಸುಮ್ಮನಾದರು.

ಅಜ್ಜಿಯವರಿಗೆ ಈ ಮಂತ್ರಿ, ಜನರಲ್ ಯಾವುದೂ ಬೇಕಿರಲಿಲ್ಲ. ಅವರು ಕೇಳಿದ್ದು ಬೇರೆ. ಆಕೆ ತಿರುಗಿ ಬಂದಳೋ, ಅಲ್ಲಿಯೇ ಉಳಿದುಬಿಟ್ಟಳೋ ಎಂದು. ಬಂದರು, 1960ರಲ್ಲಿ ತೀರಿಕೊಳ್ಳುವ ತನಕ ಅವರ ಬಾಳು ಈ ದೇಶದ್ದೇ ಆಗಿತ್ತು ಎಂದೆವು. ಅಜ್ಜಿಯವರು ಒಳಗೆ ಹೋಗಿ ತಾತನವರ ಕನ್ನಡಕವನ್ನೂ ಪೆನ್ನನ್ನೂ ತಂದು ಮೇಜಿನ ಮೇಲಿನ ಬ್ಯಾಂಕಿನ ಕಾಗದದ ಪಕ್ಕದಲ್ಲಿ ಇಟ್ಟರು. ನಮ್ಮ ಬಸ್ಸಿಗೆ ಹೊತ್ತಾಗಿತ್ತು. ಈ ಸಲ ಹಲಗೆಯನ್ನು ಆ ಹುಡುಗಿಯೇ ಓದಿ ನಮ್ಮನ್ನು ಹತ್ತಿಸಿದಳು.